ಶೆವಾನ ದೊಣ್ಣೆಯ ಕೆಳಗೆ

ನನ್ನ ತಮ್ಮ ರೆಗೆಮ್ ಸೊಂಟದಲ್ಲಿ ದೊಣ್ಣೆ ಇಲ್ಲದೆ ಗುಡ್ಡ ಇಳಿದು ಬರುತ್ತಿರುವುದನ್ನು ಕಂಡಾಗಲೇ ಏನೋ ಕೆಡುಕಾಗಿದೆ ಎಂದು ನನಗೆ ಗೊತ್ತಾಯಿತು. ಕುರಿ ಕಾಯುವವನು ಬುತ್ತಿ ಮರೆತು ಬಂದಾನು, ಕಂಬಳಿ ಮರೆತು ಬಂದಾನು. ದೊಣ್ಣೆಯನ್ನು ಮರೆಯುವುದಿಲ್ಲ. ಕೋಲೇನೋ ಕೈಯಲ್ಲಿತ್ತು. ಅದರ ಮೇಲೆ ಭಾರ ಬಿಟ್ಟು, ಎಡಗಾಲು ಎಳೆಯುತ್ತ, ಹಿಂದೆ ಹಿಂದೆ ನೋಡುತ್ತ ಬರುತ್ತಿದ್ದ. ಮಂದೆಯನ್ನು ನಾಯಿಯ ಕಾವಲಿಗೆ ಬಿಟ್ಟು ಬಂದಿದ್ದ.

ನಾನು ಗುಡಾರದ ಮುಂದೆ ತೊಗಲ ಚೀಲದಲ್ಲಿ ಮೊಸರು ಕಡೆಯುತ್ತಿದ್ದೆ. ಕೈ ನಿಂತಿತು.

"ದೊಣ್ಣೆ ಎಲ್ಲೋ?"

"ಅಕ್ಕಾ..."

"ದೊಣ್ಣೆ ಎಲ್ಲೋ ಅಂತ ಕೇಳ್ದೆ."

"ಶೆವಾನ ಹತ್ರ ಬಿದ್ದಿದೆ," ಎಂದ. ಅವನ ತುಟಿ ಬೆಳ್ಳಗಾಗಿತ್ತು. "ಶೆವಾ ಸತ್ತೋದ ಅಕ್ಕಾ. ನಾನೇ ಕೊಂದೆ."

ನಾನು ಎದ್ದು ಅವನ ಕೆನ್ನೆಗೆ ಬಾರಿಸಿದೆ. ಮಾತು ಬರಲಿಲ್ಲ, ಕೈ ಬಂತು. ನನ್ನ ಸ್ವಭಾವವೇ ಹಾಗೆ. ಅಮ್ಮ ಸತ್ತಾಗ ಅವನಿಗೆ ಇನ್ನೂ ಹಲ್ಲು ಮೂಡಿರಲಿಲ್ಲ. ಆಡಿನ ಹಾಲು ಕುಡಿಸಿ ಸಾಕಿದವಳು ನಾನು, ಹೊಡೆಯುವ ಹಕ್ಕೂ ನನ್ನದೇ ಎಂದುಕೊಂಡಿದ್ದವಳು. ಗಂಡ ಸತ್ತ ಮೇಲೆ ನನಗೆ ಉಳಿದದ್ದು ಈ ಗುಡಾರ, ಒಂದಿಷ್ಟು ಕುರಿ, ಈ ತಮ್ಮ. ಹೊಡೆದ ಕೈಯಿಂದಲೇ ಅವನನ್ನು ಒಳಗೆ ಎಳೆದುಕೊಂಡೆ.

"ಹೆಂಗಾಯ್ತು? ಸರಿಯಾಗಿ ಹೇಳು."

ಹೇಳಿದ. ಕಣಿವೆಯ ಒರತೆಯ ಹತ್ತಿರ ಒಂದು ಕತ್ತೆಕಿರುಬ ಸುಳಿದಾಡುತ್ತಿತ್ತು. ನಮ್ಮ ಮರಿಗಳನ್ನೂ ಅದು ಎತ್ತಿಕೊಂಡು ಹೋಗಿತ್ತು. ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಒರತೆಯ ಪಕ್ಕ ಕಪ್ಪಗೆ ಏನೋ ಮಲಗಿ ನೀರು ನೆಕ್ಕುತ್ತಿತ್ತು. ರೆಗೆಮ್ ಬಂಡೆಯ ಮೇಲಿನಿಂದ ದೊಣ್ಣೆ ಬೀಸಿ ಎಸೆದ.

"ಅದು 'ಅಯ್ಯೋ' ಅಂತು ಅಕ್ಕಾ," ಎಂದ. "ಓಡಿ ಇಳಿಯೋವಾಗ ಕಾಲು ಉಳುಕ್ತು. ಹೋಗಿ ನೋಡ್ದೆ. ಕರಿ ಕಂಬಳಿ ಹೊದ್ಕೊಂಡು ಬೋರಲು ಮಲಗಿ ನೀರು ಕುಡೀತಿದ್ದ ಕಣೇ. ಕಣ್ಣು ಬಿಟ್ಟೇ ಇತ್ತು."

ದೊಣ್ಣೆ ಎಸೆಯುವುದನ್ನು ಅವನಿಗೆ ಕಲಿಸಿದವಳು ನಾನೇ. ನಮ್ಮಲ್ಲಿ ಕೋಲು ಬೇರೆ, ದೊಣ್ಣೆ ಬೇರೆ. ಕೋಲು ಉದ್ದ. ಊರಿ ನಡೆಯಲು, ಹಳ್ಳಕ್ಕೆ ಬಿದ್ದ ಮರಿಯನ್ನು ಎಳೆದುಕೊಳ್ಳಲು, ವಯಸ್ಸಾದ ಮೇಲೆ ಊರಬಾಗಿಲಲ್ಲಿ ಕೂತು ಗದ್ದ ಊರಿಕೊಳ್ಳಲು. ದೊಣ್ಣೆ ಗಿಡ್ಡ. ಓಕ್ ಮರದ ಬೇರಿನ ಗಂಟು ತುದಿಯಲ್ಲಿ ಉಳಿಯುವಂತೆ ಕಡಿದು, ಗಂಟಿಗೆ ಚಕಮಕಿ ಕಲ್ಲಿನ ಚೂರು ಬಡಿದಿರುತ್ತಾರೆ. ಮಂದೆ ಬಿಟ್ಟು ಹೋಗುವ ಕುರಿಯ ಮೂಗಿನ ಮುಂದೆ ಬೀಳುವಂತೆ ಎಸೆದರೆ ಅದು ಹಿಂದಕ್ಕೆ ತಿರುಗುತ್ತದೆ. ತೋಳದ ತಲೆಗೆ ಎಸೆದರೆ ತೋಳ ಏಳುವುದಿಲ್ಲ. ರೆಗೆಮ್‌ನ ಗುರಿ ಈ ಗುಡ್ಡದ ಎರಡೂ ಮಗ್ಗುಲಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೇ ಈಗ ಅವನ ಕುತ್ತಿಗೆಗೆ ಬಂದಿತ್ತು. ಅವನು ಗುರಿ ತಪ್ಪುವವನಲ್ಲ ಎಂದು ಎಲ್ಲರೂ ಹೇಳುತ್ತಾರೆ, ಗುರಿ ಇಟ್ಟದ್ದು ಯಾವುದಕ್ಕೆ ಎಂದು ಯಾರೂ ಕೇಳುವುದಿಲ್ಲ.

"ಹೆಬ್ರೋನ್‌ಗೆ ಓಡ್ತೀನಿ," ಎಂದ ರೆಗೆಮ್. "ಆಶ್ರಯದ ಊರು ಅಲ್ವಾ? ತಿಳೀದೆ ಕೊಂದವನಿಗೆ ಅಲ್ಲಿ ಜಾಗ ಕೊಡ್ತಾರೆ."

"ನಿನ್ನೆ ಬಾವಿ ಹತ್ರ ಏನು ಒದರ್ದೆ, ನೆನಪಿದ್ಯಾ?"

ಅವನು ತಲೆ ತಗ್ಗಿಸಿದ.

ಈ ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತ್ತು. ಸರದಿಗಾಗಿ ದಿನಾ ಜಗಳ. ಹಿಂದಿನ ದಿನ ಕಣಿವೆಯಾಚೆಯ ಶೆವಾ ತನ್ನ ಕುರಿಗಳನ್ನು ನಮ್ಮ ಸರದಿಯಲ್ಲಿ ನುಗ್ಗಿಸಿದ್ದ. ನನ್ನ ತಮ್ಮನ ಬಾಯಿ ನನ್ನದೇ ಬಾಯಿ, ಸುಮ್ಮನಿರುತ್ತದೆಯೇ? "ನಾಳೆ ಇನ್ನೊಂದ್ಸಲ ನುಗ್ಗು ಮಗನೆ, ಈ ದೊಣ್ಣೆ ನಿನ್ನ ತಲೆಗೇ ಇಟ್ಟಿದೀನಿ" ಎಂದು ಎಲ್ಲರ ಎದುರು ಕೂಗಿದ್ದ. ಜನ ನಕ್ಕಿದ್ದರು. ಶೆವಾ ಕೂಡ ನಕ್ಕು, "ನನ್ನ ತಲೆ ಗಟ್ಟಿ ಇದೆ, ನಿನ್ನ ದೊಣ್ಣೆ ನೋಡ್ಕೋ" ಎಂದಿದ್ದ. ಅವರಿಬ್ಬರೂ ಹಲ್ಲು ಬಿದ್ದ ವಯಸ್ಸಿನಿಂದ ಹೀಗೇ ಕಚ್ಚಾಡಿಕೊಂಡು ಬೆಳೆದವರು.

ಹೆಬ್ರೋನಿನ ಹಿರಿಯರು ಊರಬಾಗಿಲಲ್ಲಿ ಕೂತು ಕೇಳುವುದು ಎರಡೇ ಮಾತು. ಕೈಯಲ್ಲಿ ಏನಿತ್ತು? ಮನಸ್ಸಿನಲ್ಲಿ ಏನಿತ್ತು? ಕೈಯಲ್ಲಿದ್ದದ್ದು ಕೊಲ್ಲಲೆಂದೇ ಮಾಡಿದ ದೊಣ್ಣೆ. ಮನಸ್ಸಿನಲ್ಲಿ ಇದ್ದದ್ದು ಏನೆಂದು ಹೇಳಲು ಬಾವಿಯ ಹತ್ತಿರ ಇದ್ದವರೆಲ್ಲ ಸಾಕ್ಷಿ. ಹಿರಿಯರು ಅವನ ಕೈ ಕಟ್ಟಿ, ರಕ್ತಕ್ಕೆ ರಕ್ತ ತೀರಿಸಿಕೊಳ್ಳಲು ಸತ್ತವನ ಅಣ್ಣನಿಗೆ ಒಪ್ಪಿಸುತ್ತಾರೆ. ಅದೇ ಕಟ್ಟಳೆ. ಬೇರೆಯವರ ತಮ್ಮನಾಗಿದ್ದರೆ ನಾನೂ ಸರಿ ಎನ್ನುತ್ತಿದ್ದೆನೇನೋ.

ಹೊರಗೆ ಗುಡಾರ ಕಾಯುವ ನಾಯಿ ಬೊಗಳಿತು. ಗುಡಾರದ ಮೂಲೆಯಲ್ಲಿ ಹೊಸದಾಗಿ ಕತ್ತರಿಸಿದ ಉಣ್ಣೆಯ ರಾಶಿ ಇತ್ತು. ರೆಗೆಮ್‌ನನ್ನು ಅದರೊಳಗೆ ತುರುಕಿ, ಮೇಲೆ ಇನ್ನಷ್ಟು ಎಳೆದು, ನನ್ನ ಕೋಲು ತೆಗೆದುಕೊಂಡು ಬಾಗಿಲಿಗೆ ಬಂದೆ.

ಶೆವಾನ ಅಣ್ಣ ಅಹ್ಬಾನ್ ಬಂದಿದ್ದ. ಹಿಂದೆ ಅವನ ಚಿಕ್ಕಪ್ಪನ ಮಕ್ಕಳು. ಅಹ್ಬಾನ್ ಅಂಗಿಯ ಕೊರಳು ಹರಿದುಕೊಂಡಿದ್ದ, ತಲೆಯ ತುಂಬ ಮಣ್ಣು. ಅವನ ಕೈಯಲ್ಲಿ ರೆಗೆಮ್‌ನ ದೊಣ್ಣೆ ಇತ್ತು. ಹಿಡಿಯ ಮೇಲಿನ ನಮ್ಮ ಮನೆಯ ಗೀರು ಗುರುತು ನಾನೇ ಕೊರೆದದ್ದು. ಗಂಟಿನ ಮೇಲೆ ರಕ್ತ ಒಣಗಿತ್ತು, ಅದಕ್ಕೆ ಕೂದಲು ಅಂಟಿತ್ತು.

"ಅಟಾರಕ್ಕಾ," ಎಂದ. ದನಿ ಮೆಲ್ಲಗಿತ್ತು. ಅವನು ಕೂಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. "ಶೆವಾ ಸತ್ತು ಬಿದ್ದಿದ್ದ, ಪಕ್ಕದಲ್ಲಿ ಇದಿತ್ತು. ಇದು ಯಾರ್ದು ಗೊತ್ತಾಯ್ತಾ?"

"ಗೊತ್ತು."

"ಎಲ್ಲಿ ಅವನು?"

"ಮಂದೆ ಜೊತೆ ಹೋದವನು ಬಂದಿಲ್ಲ."

"ಹೌದಾ? ಹಂಗಾದ್ರೆ ದಾರಿ ಬಿಡು, ಒಳಗೊಮ್ಮೆ ನೋಡ್ಕೊಂಡು ಹೋಗ್ತೀನಿ."

ನಾನು ಕೋಲನ್ನು ಬಾಗಿಲಿಗೆ ಅಡ್ಡಲಾಗಿ ಹಿಡಿದೆ. ವಿಧವೆಯ ಬಾಗಿಲಿಗೆ ಅಡ್ಡ ಬಿದ್ದ ಕೋಲನ್ನು ಗಂಡಸು ದಾಟುವುದಿಲ್ಲ. ದಾಟಿದರೆ ಅವನ ಹೆಂಡತಿಯ ಗುಡಾರಕ್ಕೂ ಬಾಗಿಲಿಲ್ಲ ಎಂದೇ ಲೆಕ್ಕ. ಅಹ್ಬಾನ್ ಕೋಲನ್ನು ನೋಡಿದ, ನನ್ನ ಮುಖ ನೋಡಿದ. ಆ ಹೊತ್ತಿಗೇ ನನ್ನ ಹಿಂದೆ ಉಣ್ಣೆಯೊಳಗಿಂದ ಮೂಗು ಎಳೆದ ಸದ್ದು ಬಂತು. ಹೊಸ ಉಣ್ಣೆಯ ಧೂಳು ಎಂಥವನಿಗೂ ಸೀನು ತರಿಸುತ್ತದೆ. ನಾನು ಬಾಯಿ ಬಿಟ್ಟೆ.

"ಏನೋ, ಗಂಡ ಸತ್ತವಳು ಅಂತ ಸದರಾನಾ ನಿಂಗೆ? ನಿನ್ನ ತಮ್ಮ ಸತ್ತಿದ್ದು ನಂಗೂ ಹೊಟ್ಟೇಲಿ ಬೆಂಕಿ ಬಿದ್ದಂಗಾಗಿದೆ! ಅವನ ಮೂಗು ಒರೆಸಿದವಳು ನಾನು! ಬಾ, ಬಾ, ಕೋಲು ದಾಟು, ನಾಳೆ ಬಾವಿ ಹತ್ರ ಎಲ್ಲಾ ಹೆಂಗಸ್ರೂ ನಿನ್ನ ಮುಖಕ್ಕೆ ಉಗೀಲಿ! ಹೆಂಗಸ್ರು ಬಟ್ಟೆ ಬಿಚ್ಚೋ ಜಾಗಕ್ಕೆ ನುಗ್ಗೋಕೆ ಬಂದವರೆ, ನೋಡ್ರೋ, ದೊಡ್ಡ ಗಂಡಸ್ರು!"

ಉಸಿರು ಕಟ್ಟುವ ತನಕ ಬೈದೆ. ಸೀನು ಬಂತೋ ಇಲ್ಲವೋ ನನಗೇ ಕೇಳಿಸಲಿಲ್ಲ. ಚಿಕ್ಕಪ್ಪನ ಮಕ್ಕಳು ನೆಲ ನೋಡುತ್ತ ನಿಂತರು. ಅಹ್ಬಾನ್ ಮಾತ್ರ ನನ್ನ ಹೆಗಲ ಮೇಲಿಂದ ಒಳಗಿನ ಕತ್ತಲೆಯನ್ನು ನೋಡುತ್ತಲೇ ಇದ್ದ.

"ಸರಿ ಅಕ್ಕಾ," ಎಂದ ಕೊನೆಗೆ. "ನೀನು ದೊಡ್ಡೋಳು, ನಿನ್ನ ಕೋಲು ದಾಟಲ್ಲ. ಆದ್ರೆ ಹೆಬ್ರೋನ್‌ಗೆ ಇರೋದು ಒಂದೇ ದಾರಿ. ಅಲ್ಲಿ ಕೂತ್ಕೋತೀನಿ. ನನ್ನ ತಮ್ಮನ ತಲೆ ಯಾವುದ್ರಲ್ಲಿ ಒಡೀತೋ ಅದ್ರಲ್ಲೇ ನಿನ್ನ ತಮ್ಮಂದೂ ಒಡೀತೀನಿ. ಯೆಹೋವನಾಣೆ."

ದೊಣ್ಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಅವರು ದಿಬ್ಬ ದಾಟುವ ತನಕ ನಾನು ಕೋಲು ಇಳಿಸಲಿಲ್ಲ.

ಕೂತು ಯೋಚಿಸಿದೆ. ದಾರಿ ಕಟ್ಟಿತ್ತು. ದಾರಿ ದಾಟಿದರೂ ಹಿರಿಯರು ಉಳಿಸುವುದಿಲ್ಲ. ಗುಡಾರದಲ್ಲಿ ಎಷ್ಟು ದಿನ ಬಚ್ಚಿಟ್ಟೇನು? ಕೊಲೆ ಮಾಡಿದವನು ಹೆಬ್ರೋನಿನ ಕಡೆಗೇ ಓಡುತ್ತಾನೆ, ಅದಕ್ಕೇ ಎಲ್ಲರ ಕಣ್ಣೂ ಆ ಕಡೆಗೇ ಇರುತ್ತದೆ. ಯಾರೂ ಓಡದ ದಿಕ್ಕು ಒಂದೇ. ಸತ್ತವನ ಮನೆ.

ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡುವಾಗ ಮನೆಯ ಯಜಮಾನ ದೊಡ್ಡಿಯ ಬಾಯಲ್ಲಿ ನಿಂತು ದೊಣ್ಣೆಯನ್ನು ಅಡ್ಡ ಹಿಡಿಯುತ್ತಾನೆ. ಕುರಿಗಳು ಅದರ ಕೆಳಗೆ ಒಂದೊಂದೇ ನುಸುಳುತ್ತವೆ. ಬೆನ್ನಿಗೆ ದೊಣ್ಣೆ ತಾಗಿದರೆ ಎಣಿಕೆಗೆ ಬಂತು. ಎಣಿಕೆಗೆ ಬಂದದ್ದು ಆ ಮನೆಯದು. ಕುರಿಗಷ್ಟೇ ಅಲ್ಲ. ಮನೆಗೆ ಬರುವ ಸೊಸೆ, ತಬ್ಬಲಿ, ಆಳು, ಎಲ್ಲರೂ ಹಾಗೇ ಬಗ್ಗಿ ಒಳಗೆ ಬರುವುದು. ನಾನೂ ಮದುವೆಯ ದಿನ ಮಾವನ ದೊಣ್ಣೆಯ ಕೆಳಗೆ ಬಗ್ಗಿದವಳು. ಆ ದೊಣ್ಣೆ ಕೆಳಗೆ ಬಂದವನನ್ನು ಆ ಮನೆಯವನೇ ಹೊಡೆದು ಕೊಂದರೆ ಒಡಹುಟ್ಟಿದವನನ್ನು ಕೊಂದ ಹಾಗೆ. ಅದಕ್ಕೆ ಆಶ್ರಯದ ಊರೂ ಇಲ್ಲ, ಪ್ರಾಯಶ್ಚಿತ್ತದ ಬಲಿಯೂ ಇಲ್ಲ. ಶೆವಾನ ತಂದೆ ಹೋಗಿ ಬಹಳ ಕಾಲವಾಗಿತ್ತು. ಆ ಮನೆಯ ಯಜಮಾನಿಕೆ ಈಗ ಅವನ ತಾಯಿ ಮಾಖಾಳದ್ದು.

"ಆಳಾಗಿ ಇಟ್ಕೊಳ್ಳಲಿ," ಎಂದೆ ರೆಗೆಮ್‌ಗೆ. "ಎರಡು ಮಳೆಗಾಲ ಕಳೆದ್ರೆ ಅವಳ ಕೋಪ ಇಳಿಯುತ್ತೆ. ಆಮೇಲೆ ಟಗರು ಕೊಟ್ಟು ನಿನ್ನ ಬಿಡಿಸ್ಕೊಂಡು ಬರ್ತೀನಿ."

"ಹುಚ್ಚು ಹಿಡಿದಿದ್ಯಾ? ಮಗನ್ನ ಕಳ್ಕೊಂಡ ತಾಯಿ ಹತ್ರ ನನ್ನ ಕರ್ಕೊಂಡು ಹೋಗ್ತೀಯಾ?"

"ಬೇರೆ ಎಲ್ಲಿಗೆ ಹೋಗ್ತೀಯೋ? ಹೇಳು, ಅಲ್ಲಿಗೇ ಹೋಗೋಣ."

ಅವನು ಕೂದಲಿಗೆ ಅಂಟಿದ ಉಣ್ಣೆಯನ್ನು ಕಿತ್ತುಕೊಳ್ಳುತ್ತ ಎದ್ದ.

ಬಿಸಿಲು ಇಳಿಮುಖವಾದ ಮೇಲೆ ಕಣಿವೆಯೊಳಗೆ ಇಳಿದೆವು. ಒಣಗಿದ ಹಳ್ಳದ ಕಲ್ಲುಗಳ ಮೇಲೆ ಅವನ ಕಾಲು ಎಳೆದಾಗಲೆಲ್ಲ ಸದ್ದಾಗುತ್ತಿತ್ತು, ನಾನು ಹಲ್ಲು ಕಚ್ಚುತ್ತಿದ್ದೆ. ಮೇಲಿನ ದಂಡೆಯಲ್ಲಿ ಯಾರಾದರೂ ನಿಂತಿದ್ದರೆ ನಾವು ಅಂಗೈ ಮೇಲಿನ ಇರುವೆ. ಒಂದು ಕಡೆ ಕಲ್ಲು ಉರುಳಿದ ಸದ್ದಾಯಿತು. ಬಂಡೆಗೆ ಅಂಟಿಕೊಂಡು ನಿಂತೆವು. ಕಾಡುಮೇಕೆಯೊಂದು ಇಣುಕಿ ನೋಡಿ ಹೋಯಿತು. ರೆಗೆಮ್ ನಗಲು ನೋಡಿದ, ಆಗಲಿಲ್ಲ. ಒರತೆಯನ್ನು ಬಳಸಿಕೊಂಡು ಹೋದೆವು. ಆ ಕಡೆ ಅವನೂ ತಿರುಗಲಿಲ್ಲ, ನಾನೂ ತಿರುಗಲಿಲ್ಲ.

ಮಾಖಾಳ ಗುಡಾರಗಳ ಹತ್ತಿರ ಬರುವಾಗ ಅಳು ಕೇಳಿಸಿತು. ಮಣ್ಣು ಮಾಡಿ ಆಗಿತ್ತು. ಹೆಂಗಸರು ಒಳಗೆ ಕೂತು ಹಾಡಿಕೊಂಡು ಅಳುತ್ತಿದ್ದರು. ಗಂಡಸರೆಲ್ಲ ದಾರಿ ಕಾಯಲು ಹೋಗಿದ್ದರು. ದೊಡ್ಡಿಯ ಹೊರಗೆ ಶೆವಾನ ಕುರಿಗಳು ಗುಂಪುಗೂಡಿ ಅರಚುತ್ತಿದ್ದವು. ದಿನಾ ತಾಯಿಯ ಪರವಾಗಿ ಅವನು ಎಣಿಸಿ ಕೂಡುತ್ತಿದ್ದ ಹೊತ್ತು ಅದು. ದೊಡ್ಡಿಯ ಬಾಯಲ್ಲಿ ಒಂದು ಕಲ್ಲಿನ ಮೇಲೆ ಮಾಖಾ ಕೂತಿದ್ದಳು. ತೊಡೆಯ ಮೇಲೆ ಮಗನ ದೊಣ್ಣೆ.

ರೆಗೆಮ್‌ನನ್ನು ಬಂಡೆಯ ಹಿಂದೆ ನಿಲ್ಲಿಸಿ ನಾನೊಬ್ಬಳೇ ಹೋದೆ. ನನ್ನ ಕೋಲನ್ನು ನೆಲಕ್ಕೆ ಹಾಕಿ ಅವಳ ಮುಂದೆ ಮಂಡಿ ಊರಿದೆ.

"ದೊಡ್ಡಮ್ಮ."

"ಬಂದ್ಯಾ," ಎಂದಳು. ಅಳುವುದನ್ನು ಮುಗಿಸಿಬಿಟ್ಟವಳಂತೆ ಕಣ್ಣು ಒಣಗಿತ್ತು. "ಅವನ್ನ ಎಲ್ಲಿ ಬಚ್ಚಿಟ್ಟಿದೀಯ?"

"ಬಚ್ಚಿಟ್ಟಿಲ್ಲ. ನಿನ್ನ ಹತ್ರಾನೇ ತಂದಿದೀನಿ."

ಅವಳ ಕೈ ದೊಣ್ಣೆಯ ಮೇಲೆ ಬಿಗಿಯಾಯಿತು.

"ಕತ್ತೆಕಿರುಬ ಅನ್ಕೊಂಡ ದೊಡ್ಡಮ್ಮ. ಮಂಜಿತ್ತು. ಶೆವಾ ಕರಿ ಕಂಬಳಿ ಹೊದ್ದಿದ್ದ..."

"ಆ ಕಂಬಳಿ ನಾನೇ ನೇಯ್ದಿದ್ದು," ಎಂದಳು. "ಚಳಿ ಅಂತ ಬೆಳಿಗ್ಗೆ ನಾನೇ ಹೊದ್ದಿಸಿ ಕಳಿಸ್ದೆ. ಏನು ಹೇಳೋಕೆ ಬಂದೆ ನೀನು? ನನ್ನ ಮಗ ಮೃಗದ ಥರ ಕಂಡ ಅಂತ ಹೇಳೋಕೆ ಬಂದ್ಯಾ?"

ಇಷ್ಟುದ್ದ ಬಾಯಿ ಇದ್ದವಳು ನಾನು, ಅವಳ ಕಾಲು ಹಿಡಿದೆ.

"ನಿನ್ನ ದೊಣ್ಣೆ ಕೆಳಗೆ ಬಿಟ್ಕೋ ಅವನನ್ನ. ಆಳಾಗಿ ಇರ್ತಾನೆ. ಹೊಡಿ, ಬಡಿ, ಗೇಯಿಸ್ಕೋ. ಜೀವ ಒಂದು ಉಳಿಸು."

"ನನ್ನ ಮಗನ ದೊಣ್ಣೆ ಕೆಳಗೆ! ಅವನನ್ನ!" ಅವಳು ಕಾಲು ಝಾಡಿಸಿದಳು. ನಾನು ಹಿಂದಕ್ಕೆ ಬಿದ್ದೆ.

ಆಗಲೇ ದಿಬ್ಬದ ಮೇಲಿನಿಂದ ಕೂಗು ಕೇಳಿಸಿತು. ಅಹ್ಬಾನ್. ದಾರಿಯಲ್ಲಿ ಯಾರೂ ಬರದ್ದನ್ನು ಕಂಡು ತಿರುಗಿದ್ದನೋ, ಹಳ್ಳದಲ್ಲಿ ಎಳೆದ ಕಾಲಿನ ಗುರುತು ಕಂಡಿದ್ದನೋ, ಅಂತೂ ಬಂಡೆಯ ಹಿಂದಿದ್ದ ರೆಗೆಮ್ ಅವನಿಗೆ ಮೇಲಿನಿಂದ ನಿಚ್ಚಳವಾಗಿ ಕಾಣುತ್ತಿದ್ದ. ದೊಣ್ಣೆಯನ್ನು ಸೊಂಟದಿಂದ ಕಿತ್ತುಕೊಂಡು ಇಳಿಜಾರಿನಲ್ಲಿ ಓಡಿ ಬರತೊಡಗಿದ. ಕಲ್ಲುಗಳು ಅವನ ಮುಂದೆ ಉರುಳಿ ಬಂದವು.

ಉಳುಕಿದ ಕಾಲಲ್ಲಿ ರೆಗೆಮ್ ಓಡುವುದಾದರೂ ಎಲ್ಲಿಗೆ? ಅವನು ಬಂಡೆಯ ಮರೆಯಿಂದ ಹೊರಗೆ ಬಂದ. ಕೋಲನ್ನು ನೆಲಕ್ಕೆ ಹಾಕಿದ. ಕುರಿಗಳ ನಡುವೆ ಕುಂಟುತ್ತ ಬಂದು ಮಾಖಾಳ ಎದುರು ಕೈ ಮಂಡಿ ಎರಡೂ ಊರಿ, ತಲೆ ತಗ್ಗಿಸಿದ.

"ನೀನೇ ಹೊಡಿ ದೊಡ್ಡಮ್ಮ," ಎಂದ. "ಅಹ್ಬಾನಣ್ಣನ ಕೈಗೆ ಕೊಡಬೇಡ. ನೀನೇ ಹೊಡಿ."

ಮಾಖಾ ಎದ್ದು ನಿಂತಳು. ಎರಡೂ ಕೈಯಲ್ಲಿ ದೊಣ್ಣೆ ಎತ್ತಿದಳು, ತಲೆಗಿಂತ ಮೇಲೆ. ಅವಳು ಹೊಡೆಯಲೆಂದೇ ಎತ್ತಿದ್ದು. ಅವಳ ಮುಖ ನೋಡಿದವಳು ನಾನು. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಎದ್ದು ಅಡ್ಡ ಹೋಗಬೇಕೆಂದುಕೊಂಡೆ. ನಡುವೆ ಕುರಿಗಳು ಒತ್ತಿ ನಿಂತಿದ್ದವು.

ದೊಣ್ಣೆ ಮೇಲಕ್ಕೆ ಹೋದದ್ದನ್ನು ಕಂಡು ಕುರಿಗಳು ಅರಚುವುದನ್ನು ನಿಲ್ಲಿಸಿದವು. ಅವುಗಳಿಗೆ ಗೊತ್ತಿದ್ದದ್ದು ಅಷ್ಟೇ. ಸಂಜೆ ದೊಡ್ಡಿಯ ಬಾಯಲ್ಲಿ ದೊಣ್ಣೆ ಎದ್ದರೆ ಒಳಗೆ ಹೋಗುವ ಹೊತ್ತು. ಮುಂದಿದ್ದ ಮುದಿ ಟಗರು ರೆಗೆಮ್‌ನ ಪಕ್ಕೆ ಸವರಿಕೊಂಡು ನೇರ ದೊಡ್ಡಿಯ ಬಾಯಿಗೆ ಬಂತು. ಅದರ ಹಿಂದೆ ಇನ್ನೊಂದು. ಮಾಖಾಳ ಕೈ ಗಾಳಿಯಲ್ಲೇ ನಿಂತಿತ್ತು. ಗಂಡ ಸತ್ತಂದಿನಿಂದ ಮಕ್ಕಳು ಬೆಳೆದು ನಿಲ್ಲುವ ತನಕ ಅದೇ ಜಾಗದಲ್ಲಿ ಪ್ರತಿ ಸಂಜೆ ಕುರಿ ಎಣಿಸಿದ ಕೈ ಅದು. ಟಗರು ಕಾಲ ಬಳಿ ಬಂದೊಡನೆ ದೊಣ್ಣೆ ತಾನಾಗಿ ಇಳಿಯಿತು, ಅಡ್ಡವಾಯಿತು, ಟಗರಿನ ಬೆನ್ನಿಗೆ ತಾಗಿತು.

"ಒಂದು," ಎಂದಳು ಮಾಖಾ. ಹೇಳಿದ್ದು ತಾನೇ ಎಂದು ಅವಳಿಗೆ ತಿಳಿದಂತಿರಲಿಲ್ಲ. "ಎರಡು."

ಅಲ್ಲಿಂದ ನಿಲ್ಲಿಸಲಾಗಲಿಲ್ಲ. ಕುರಿಗಳು ನುಗ್ಗುತ್ತಿದ್ದವು, ಅವಳು ಎಣಿಸುತ್ತಿದ್ದಳು. ಒಣಗಿದ್ದ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ರೆಗೆಮ್ ಕುರಿಗಳ ನಡುವೆ ಕುರಿಯಂತೆ ಮಂಡಿಯ ಮೇಲೆ ಮುಂದೆ ಮುಂದೆ ಸರಿದ. ಅಹ್ಬಾನ್ ಇಳಿಜಾರಿನ ಬುಡಕ್ಕೆ ಬಂದಿದ್ದ. ಅವನ ಏದುಸಿರು ಕೇಳಿಸುತ್ತಿತ್ತು.

ರೆಗೆಮ್‌ನ ಕುತ್ತಿಗೆ ದೊಣ್ಣೆಯ ಕೆಳಗೆ ಬಂದಾಗ ಮಾಖಾ ಎಣಿಕೆ ನಿಲ್ಲಿಸಿದಳು. ದೊಣ್ಣೆಯನ್ನು ಅವನ ಕುತ್ತಿಗೆಯ ಮೇಲೆ ಒತ್ತಿ ಹಿಡಿದಳು. ನನ್ನ ಕಡೆ ತಿರುಗಿದಳು.

"ಅಟಾರಾ, ಇದು ಯಾರ್ದು?"

ಆಳಿಗೆ, ಸೊಸೆಗೆ, ತಬ್ಬಲಿಗೆ ಆ ಪ್ರಶ್ನೆ ಕೇಳುವುದಿಲ್ಲ. ಬೇರೆ ಮಂದೆಯ ಕುರಿ ತಪ್ಪಿ ಬಂದಾಗ ಮಾತ್ರ ಕೇಳುವುದು. ಒಡೆಯ 'ನನ್ನದು' ಎಂದರೆ ಅಲ್ಲಿಂದಲೇ ಎಳೆದುಕೊಂಡು ಹೋಗಬೇಕು. 'ನನ್ನದಲ್ಲ' ಎಂದರೆ ಮುಗಿಯಿತು. ಆ ಮೇಲೆ ಟಗರು ಕೊಟ್ಟರೂ ಬರುವುದಿಲ್ಲ, ಮರಿ ಕೊಟ್ಟರೂ ಬರುವುದಿಲ್ಲ. ಹೆಸರು ಹಿಡಿದು ಕರೆಯುವ ಹಕ್ಕೂ ಉಳಿಯುವುದಿಲ್ಲ. ಆಳನ್ನು ಎರಡು ಮಳೆಗಾಲದ ಮೇಲೆ ಬಿಡಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ, ನಾನು ಹಾಕಿದ್ದ ಆ ಲೆಕ್ಕ ಮುದುಕಿಗೆ ಕಾಣಿಸಿತ್ತು.

"ದೊಡ್ಡಮ್ಮ, ಆಳಾಗಿ..."

"ನನ್ನ ಮಗ ಎರಡು ಮಳೆಗಾಲ ಕಳೆದ್ರೆ ಬರ್ತಾನಾ?" ಎಂದಳು. "ಯಾರ್ದು ಇದು? ಹೇಳು."

ಅಹ್ಬಾನ್ ದೊಣ್ಣೆ ಎತ್ತಿಕೊಂಡು ಕುರಿಗಳನ್ನು ಒದೆಯುತ್ತ ನುಗ್ಗಿ ಬರುತ್ತಿದ್ದ. ರೆಗೆಮ್ ತಲೆ ಹೊರಳಿಸಿ ನನ್ನನ್ನು ನೋಡಿದ. ಆಡಿನ ಹಾಲು ಕುಡಿಸುವಾಗ ನೋಡುತ್ತಿದ್ದನಲ್ಲ, ಅದೇ ಕಣ್ಣು. 'ಹೇಳಬೇಡ' ಎಂದಿತೋ, 'ಹೇಳು' ಎಂದಿತೋ, ನನಗೆ ಗೊತ್ತಿಲ್ಲ.

"ನನ್ನದಲ್ಲ," ಎಂದೆ.

"ಜೋರಾಗಿ ಹೇಳು. ಅವನಿಗೂ ಕೇಳ್ಲಿ."

"ನನ್ನದಲ್ಲ! ನನ್ನದಲ್ಲ!"

ಮಾಖಾ ದೊಣ್ಣೆ ಸಡಿಲಿಸಿ ಅವನ ಬೆನ್ನಿಗೆ ತಾಗಿಸಿದಳು. ಮುಂದಿನ ಎಣಿಕೆ ಹೇಳಿದಳು. ರೆಗೆಮ್ ಒಳಗೆ ಹೋದ.

ಅಹ್ಬಾನ್ ದೊಡ್ಡಿಯ ಬಾಯಿಗೆ ಬಂದು ನಿಂತ. ಅವನ ಕೈ ಮೇಲೇ ಇತ್ತು. ನಡುವೆ ಇದ್ದದ್ದು ತಾಯಿ ಹಿಡಿದ ಆ ಗಿಡ್ಡ ಕಟ್ಟಿಗೆ ಒಂದೇ.

"ಅವ್ವಾ, ಏನು ಮಾಡ್ದೆ? ಏನು ಮಾಡ್ಬಿಟ್ಟೆ?"

"ಎಣಿಸ್ತಾ ಇದೀನಿ," ಎಂದಳು ಮಾಖಾ. "ಸುಮ್ನಿರು, ಲೆಕ್ಕ ತಪ್ಪುತ್ತೆ."

ಅಹ್ಬಾನ್ ದೊಡ್ಡಿಯ ಮುಳ್ಳುಬೇಲಿಯನ್ನು ಹೊಡೆಯತೊಡಗಿದ. ಮುಳ್ಳು ಸಿಡಿದು ಅವನ ಕೈಗೆ ಮುಖಕ್ಕೆ ಚುಚ್ಚಿತು. ಹೊಡೆದು ಹೊಡೆದು ಸುಸ್ತಾಗಿ ಅಲ್ಲೇ ಕೂತು ಹಸುಗೂಸಿನ ಹಾಗೆ ಅತ್ತ. ಅವನ ಮೇಲೆ ಕೋಪ ಬರಲಿಲ್ಲ ನನಗೆ. ನನ್ನ ತಮ್ಮನನ್ನು ಯಾರಾದರೂ ಕೊಂದಿದ್ದರೆ ನಾನು ಬೇಲಿ ಹೊಡೆದು ಸುಮ್ಮನಾಗುತ್ತಿರಲಿಲ್ಲ.

ಕೊನೆಯ ಮರಿ ಒಳಗೆ ಹೋದ ಮೇಲೆ ಮಾಖಾ ನೆಲದಲ್ಲಿ ಬಿದ್ದಿದ್ದ ರೆಗೆಮ್‌ನ ಕೋಲನ್ನು ಎತ್ತಿ, ನಮ್ಮ ಮನೆಯ ಗೀರು ಗುರುತನ್ನು ಬೆರಳಲ್ಲಿ ತಡವಿ ನೋಡಿ, ನನ್ನ ಕೈಗೆ ಕೊಟ್ಟಳು.

"ನಿಂದು ನೀನು ತಗೊಂಡು ಹೋಗು."

ಎರಡು ಕೋಲು ಹಿಡಿದುಕೊಂಡು ಒಬ್ಬಳೇ ಹಿಂದಿರುಗಿದೆ. ಒಂದನ್ನು ಊರಿ ನಡೆಯಬಹುದು, ಇನ್ನೊಂದನ್ನು ಏನು ಮಾಡಬೇಕು ಎಂದು ದಾರಿಯುದ್ದಕ್ಕೂ ತಿಳಿಯಲಿಲ್ಲ. ಅದು ಈಗಲೂ ನನ್ನ ಗುಡಾರದ ಮೂಲೆಯಲ್ಲಿ ಉಣ್ಣೆಯ ಪಕ್ಕ ನಿಂತಿದೆ.

ಮೊದಲ ಮಳೆ ಬಿದ್ದು ಬಾವಿಯಲ್ಲಿ ನೀರು ಏರಿದ ಮೇಲೆ ಒಂದು ದಿನ ರೆಗೆಮ್ ಮಾಖಾಳ ಮಂದೆ ಹೊಡೆದುಕೊಂಡು ಬಂದ. ಅವನ ಕೈಯಲ್ಲಿದ್ದದ್ದು ಶೆವಾನ ಕೋಲು. ಶೆವಾ ಗಿಡ್ಡನೆಯವನು, ಅವನ ಕೋಲೂ ಗಿಡ್ಡ, ಹಾಗಾಗಿ ರೆಗೆಮ್ ಸ್ವಲ್ಪ ಬಗ್ಗಿಯೇ ನಡೆಯಬೇಕಾಗಿತ್ತು. ಸೊಂಟದಲ್ಲಿ ದೊಣ್ಣೆ ಇರಲಿಲ್ಲ. ಅವನ ಹಳೆಯ ದೊಣ್ಣೆ ಹಿಂದೆ ಬರುತ್ತಿದ್ದ ಅಹ್ಬಾನ್‌ನ ಸೊಂಟದಲ್ಲಿತ್ತು. ಅದರ ಮೇಲಿನ ರಕ್ತವನ್ನು ಅಹ್ಬಾನ್ ತೊಳೆದಿರಲಿಲ್ಲ.

ನನ್ನ ಕುರಿಗಳು ತೊಟ್ಟಿಯಲ್ಲಿ ಕುಡಿಯುತ್ತಿದ್ದವು. ರೆಗೆಮ್ ದೂರದಲ್ಲೇ ನಿಂತ. ಮುಖ ಬತ್ತಿತ್ತು, ಗಡ್ಡ ಬೆಳೆದಿತ್ತು. ನನ್ನ ಪಾದ ನೋಡಿಕೊಂಡು ಕೇಳಿದ.

"ತಾಯೀ, ನಿಮ್ಮ ಸರದಿ ಆಯ್ತಾ?"

ಬೇರೆ ಮನೆಯ ಹೆಂಗಸನ್ನು ಕೇಳುವುದು ಹಾಗೆಯೇ. ಅವನು ಮಾಡಿದ್ದು ಸರಿಯೇ.

"ಆಯ್ತಪ್ಪ. ನಿನ್ನ ಕುರಿ ಬಿಡು."

ಅವನು ನಾಲಿಗೆ ಲೊಚಗುಟ್ಟಿ ಮಂದೆಯನ್ನು ಕರೆದ. ನಾನು ಕಲಿಸಿದ ಸದ್ದು ಅದು. ಮಾಖಾಳ ಕುರಿಗಳು ಮುಂದೆ ಬಂದವು. ನನ್ನ ಕುರಿಗಳೂ ತೊಟ್ಟಿಯಿಂದ ಮುಖ ಎತ್ತಿ ಅವನ ಕಡೆಗೇ ತಿರುಗಿದವು. ನಾನು ಸೊಂಟದ ದೊಣ್ಣೆ ತೆಗೆದು ಅವುಗಳ ಮುಂದೆ ಬೀಳುವಂತೆ ಎಸೆದೆ. ಎಲ್ಲವೂ ಹಿಂದಕ್ಕೆ ತಿರುಗಿದವು, ಒಂದನ್ನು ಬಿಟ್ಟು. ತಾಯಿ ಸತ್ತ ಮರಿಯೊಂದನ್ನು ರೆಗೆಮ್ ಮಡಿಲಲ್ಲಿ ಇಟ್ಟುಕೊಂಡು ಸಾಕಿದ್ದ, ಅದೇ ಈಗ ದೊಡ್ಡದಾಗಿತ್ತು. ದೊಣ್ಣೆಯನ್ನು ದಾಟಿ ಓಡಿಹೋಗಿ ಅವನ ಕಾಲಿಗೆ ತಲೆ ಉಜ್ಜಿತು.

ಅಹ್ಬಾನ್ ನೋಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ರೆಗೆಮ್‌ನ ಕೈ ಅದರ ತಲೆಯವರೆಗೆ ಹೋಗಿ ಅಲ್ಲೇ ನಿಂತಿತು. ಕಟ್ಟಳೆ ಪ್ರಕಾರ ಅವನು ಕೇಳಲೇಬೇಕಿತ್ತು. ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ.

"ಇದು ಯಾರ್ದು?"

"ನನ್ನದು," ಎಂದೆ ನಾನು, ಅವನನ್ನೇ ನೋಡುತ್ತ. "ನನ್ನದು ಕಣಪ್ಪಾ, ನನ್ನದು."

ಅವನು ಶೆವಾನ ಕೋಲಿನಿಂದ ಅದನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, ತನ್ನ ಮಂದೆಯನ್ನು ತೊಟ್ಟಿಗೆ ಬಿಟ್ಟ.